ಕೊಟ್ಟೂರಿನಿಂದ ಲಕ್ಸೆಂಬರ್ಗ್‌ಗೆ ತೊಂಬತ್ತು ದಿನದ ಬಾಣಂತನ

ಲಕ್ಸೆಂಬರ್ಗ್ ನಮ್ಮ ವಿಜಯನಗರ ಜಿಲ್ಲೆಗಿಂತ ಚಿಕ್ಕ ದೇಶ, ಒಟ್ಟು 2,586 ಚದರ ಕಿ.ಮೀ. ಅಲ್ಲಿರುವ ತಂಗಿಗೆ ಚೊಚ್ಚಲ ಹೆರಿಗೆ. ಕೊಟ್ಟೂರಿನಿಂದ ಅವ್ವ, ಅಪ್ಪ ಹೋಗಬೇಕು. ಬೆಂಗಳೂರಿನಲ್ಲಿ ಕೆಲಸ ಮಾಡೋ ಮಗ ಅಂದಮೇಲೆ ಕಾಗದಪತ್ರವೆಲ್ಲ ನನ್ನ ತಲೆಗೆ.

ಬೇಕಾದದ್ದು ಷೆಂಗೆನ್ ವೀಸಾ. ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ. "ಐದು ತಿಂಗಳ ಬಾಣಂತನ ಮೂರು ತಿಂಗಳಿಗೆ ಮುಗಿಸು ಅಂದ್ರ ಹೆಂಗಪ್ಪ?" ಅಂದಳು ಅವ್ವ. ತಿಂಗಳು ಮೊದಲೇ ಹೋದರೆ ಕೂಸಿನ ಪಾಲಿಗೆ ಉಳಿಯೋದು ಎರಡೇ ತಿಂಗಳು. ಹಾಗಾಗಿ ಡಾಕ್ಟರ್ ಕೊಟ್ಟ ತಾರೀಖಿಗೆ ಹತ್ತು ದಿನ ಮುಂಚೆ ಹೊರಡೋದು, ಇವರು ಬಂದಮೇಲೆ ಹರಪನಹಳ್ಳಿಯ ಬೀಗರು ಹೋಗೋದು ಅಂತ ಮಾತಾಯಿತು.

ಬೀಗರ ಕಾಗದಗಳದ್ದೇ ದೊಡ್ಡ ಕಥೆ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಪಾಸ್‌ಪೋರ್ಟ್‌ನಲ್ಲಿ ದಾವಣಗೆರೆ, ಆಧಾರ್‌ನಲ್ಲಿ ಬಳ್ಳಾರಿ, ಪಹಣಿಯಲ್ಲಿ ವಿಜಯನಗರ! ಮನೆ ಮಾತ್ರ ಇದ್ದಲ್ಲೇ ಇದೆ. ಇದನ್ನೇ ಅರ್ಜಿಯ ಜೊತೆಗಿನ ಪತ್ರದಲ್ಲಿ ಇಸವಿ ಸಮೇತ ಬರೆದೆ. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಯವರೂ ಬಳ್ಳಾರಿ ಅಂತಿರೋ ಹಳೇ ದಾಖಲೆಗಳನ್ನು ಒಮ್ಮೆ ನೋಡಿಕೊಳ್ಳಿ.

ಅಪ್ಪ ಐಟಿ ರಿಟರ್ನ್ಸ್ ಕಟ್ಟಿದವರಲ್ಲ, ಬೇಸಾಯದ ಆದಾಯಕ್ಕೆ ತೆರಿಗೆ ಇಲ್ಲವಲ್ಲ. ಪಹಣಿಯ ಇಂಗ್ಲಿಷ್ ಅನುವಾದ, ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟೆವು. "ಖಾತೆಗೆ ಐದು ಲಕ್ಷ ಹಾಕಿ ತೋರಿಸಿ" ಅಂದ ಒಬ್ಬ ಏಜೆಂಟ್. ನಾನು ಒಪ್ಪಲಿಲ್ಲ. ಎಲ್ಲಿಂದ ಬಂತು ಅಂತ ಕೇಳಿದರೆ ಏನು ಹೇಳೋದು? ಹೋದವರು ವಾಪಸ್ ಬರ್ತಾರೆ ಅನ್ನೋ ನಂಬಿಕೆ ಹುಟ್ಟಿಸೋದು ಹೊಲ, ಮನೆ. ಖರ್ಚಿನ ಹೊಣೆ ತಂಗಿಯದು: ಆಕೆ ಹೊಣೆಪತ್ರಕ್ಕೆ ಅಲ್ಲಿನ ಪುರಸಭೆಯಲ್ಲಿ ಸಹಿ ದೃಢೀಕರಿಸಿ, ವಲಸೆ ಇಲಾಖೆಯ ಒಪ್ಪಿಗೆ ಪಡೆದು ಕಳಿಸಿದಳು. ಇದಕ್ಕೇ ಹೆಚ್ಚು ದಿನ ಹಿಡಿಯಿತು, ಮೊದಲು ಇದನ್ನೇ ಶುರು ಮಾಡಿ.

ಉಳಿದದ್ದು ಸುಲಭ. ಶುಲ್ಕ 2024ರ ಜೂನ್‌ನಿಂದ 90 ಯೂರೋ, ವೀಸಾ ಸಿಗದಿದ್ದರೂ ವಾಪಸ್ ಇಲ್ಲ. ಕನಿಷ್ಠ 30,000 ಯೂರೋ ವಿಮೆ ಬೇಕು. ಪ್ರಯಾಣಕ್ಕೆ ಆರು ತಿಂಗಳ ಒಳಗೆ, 15 ದಿನ ಮುಂಚೆ ಅರ್ಜಿ ಹಾಕಬೇಕು. ಬೆರಳಚ್ಚು ಕೊಡಲು ಖುದ್ದು ಹೋಗಬೇಕು. ಕಳೆ ತೆಗೆದು ಸವೆದ ಅವ್ವನ ಬೆರಳು ಮೂರು ಸಲಕ್ಕೆ ಮಷೀನಿಗೆ ಒಪ್ಪಿತು. ರೇಷನ್ ಅಂಗಡಿಯಲ್ಲೂ ಆಕೆಗೆ ಇದೇ ಗೋಳು.

ಫ್ರಾಂಕ್‌ಫರ್ಟ್‌ನಲ್ಲಿ ಇಳಿದರೆ ಗಡಿ ತಪಾಸಣೆ ಅಲ್ಲೇ. ಕನ್ನಡ ಮಾತ್ರ ಬಲ್ಲವರ ಕೈಚೀಲದಲ್ಲಿ ಆಹ್ವಾನಪತ್ರ, ವಾಪಸ್ ಟಿಕೆಟ್, ವಿಮೆಯ ಪ್ರತಿ ಇರಲಿ. 2025ರ ಅಕ್ಟೋಬರ್‌ನಿಂದ ಮುದ್ರೆಯ ಬದಲು ಕಂಪ್ಯೂಟರ್ ದಾಖಲೆ ಶುರುವಾಗಿದೆ, ಒಂದು ದಿನ ಹೆಚ್ಚಾದರೂ ಸಿಕ್ಕಿಬೀಳುತ್ತೀರಿ.

ಕೊನೆಗೆ ಜಗಳವಾಗಿದ್ದು ತುಪ್ಪದ ಡಬ್ಬಿಗೆ. ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ಹಡಗಲಿ ಮಲ್ಲಿಗೆ, ಕರಿಬೇವಿಗೂ ಪ್ರಮಾಣಪತ್ರ ಬೇಕು. ಅವ್ವ ಮುನಿಸಿಕೊಂಡೇ ಡಬ್ಬಿ ತೆಗೆದಿಟ್ಟಳು. ಅಂಟು, ಉತ್ತತ್ತಿ, ಕೊಬ್ಬರಿ ಹೋದವು. ಅಲ್ಲಿನ ಬೆಣ್ಣೆ ಕಾಯಿಸಿ ಅಂಟಿನುಂಡೆ ಕಟ್ಟಿದ ಫೋಟೊ ಮೊನ್ನೆ ಬಂತು.