ಕಪ್ಪು ತಾಯಿಯ ಬಿಳಿ ಮರಿ

ಮೆಂಡೆಲ್‌ನ ಬಟಾಣಿ ಗಿಡಗಳ ಪಾಠ ಕೇಳುವಾಗ ನಮ್ಮಲ್ಲಿ ಹಲವರಿಗೆ ಅನಿಸುವುದುಂಟು: ಎತ್ತರದ ಗಿಡ ಮೂರು, ಗಿಡ್ಡ ಗಿಡ ಒಂದು, ಪರೀಕ್ಷೆಯ ಅಂಕಕ್ಕಲ್ಲದೆ ಇದು ಇನ್ನು ಯಾವುದಕ್ಕೆ? ಆದರೆ ಅದೇ ಲೆಕ್ಕದ ಮೇಲೆ ಒಂದು ಅಪರೂಪದ ಕರಡಿಯ ಉಳಿವು ನಿಂತಿದೆ.

ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಕರಾವಳಿಯಲ್ಲಿ 'ಗ್ರೇಟ್ ಬೇರ್ ರೈನ್‌ಫಾರೆಸ್ಟ್' ಎಂಬ ದಟ್ಟ ಮಳೆಕಾಡಿದೆ. ಅಲ್ಲಿನ ಕಪ್ಪು ಕರಡಿಗಳಲ್ಲಿ ಕೆಲವು ಕೆನೆಬಣ್ಣದ ಬಿಳಿ ತುಪ್ಪಳ ಹೊತ್ತು ಹುಟ್ಟುತ್ತವೆ. ಇದು ಹಿಮಕರಡಿಯಲ್ಲ. ಅಲ್ಬಿನೋ ಕೂಡ ಅಲ್ಲ, ಏಕೆಂದರೆ ಕಣ್ಣು ಮೂಗುಗಳ ಬಣ್ಣ ಹಾಗೆಯೇ ಇರುತ್ತದೆ. ಇಂಗ್ಲಿಷಿನಲ್ಲಿ 'ಸ್ಪಿರಿಟ್ ಬೇರ್', ಅಂದರೆ ಆತ್ಮ ಕರಡಿ ಎನ್ನುತ್ತಾರೆ. 1905ರಲ್ಲಿ ವಿಜ್ಞಾನಿಗಳು ಇದಕ್ಕೆ 'ಕರ್ಮೋಡ್' ಎಂದು ಹೆಸರಿಟ್ಟರು. ಅಲ್ಲಿನ ಮೂಲನಿವಾಸಿಗಳಿಗೆ ಮಾತ್ರ ಇದು ಮೊದಲಿನಿಂದಲೂ ಗೊತ್ತಿದ್ದ ಕರಡಿ.

ಬಣ್ಣ ಬದಲಾಗುವುದು ಎಂಸಿ1ಆರ್ ಎಂಬ ಒಂದೇ ಜೀನ್‌ನಲ್ಲಿ ಆದ ಬದಲಾವಣೆಯಿಂದ. ಬಿಳಿ ಬಣ್ಣ ಇಲ್ಲಿ ಅಪ್ರಬಲ ಗುಣ. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡೂ ಪ್ರತಿ ಸಿಕ್ಕರೆ ಮಾತ್ರ ಮರಿ ಬಿಳಿ. ಅಪ್ಪ ಅಮ್ಮ ಇಬ್ಬರೂ ಕಪ್ಪಾಗಿದ್ದು, ಇಬ್ಬರಲ್ಲೂ ಒಂದೊಂದು ಪ್ರತಿ ಅಡಗಿದ್ದರೆ ಬಿಳಿ ಮರಿ ಹುಟ್ಟುವ ಸಾಧ್ಯತೆ ನಾಲ್ಕರಲ್ಲಿ ಒಂದು. (ನಮ್ಮ ಕಬಿನಿಯ ಕರಿಚಿರತೆಯೂ ಹೀಗೆಯೇ. ಅಲ್ಲಿ ಅಪ್ರಬಲವಾಗಿರುವುದು ಕಪ್ಪು, ಅಷ್ಟೇ ವ್ಯತ್ಯಾಸ.) ಗ್ರಿಬ್ಬೆಲ್ ಮತ್ತು ಪ್ರಿನ್ಸೆಸ್ ರಾಯಲ್ ದ್ವೀಪಗಳಲ್ಲಿ ಬಿಳಿ ಕರಡಿಗಳು ಹೆಚ್ಚು. ಇವುಗಳಿಗೆ ಒಂದು ಅನುಕೂಲವೂ ಇದೆ. ಹಗಲಿನಲ್ಲಿ ಹೊಳೆಯಲ್ಲಿ ಸಾಲ್ಮನ್ ಮೀನು ಹಿಡಿಯುವಾಗ, ಬೆಳ್ಳನೆಯ ಆಕಾಶದ ಎದುರು ನಿಂತ ಬಿಳಿ ಕರಡಿ ಮೀನಿನ ಕಣ್ಣಿಗೆ ಬೇಗ ಬೀಳುವುದಿಲ್ಲ.

ಗಿಟ್‌ಗಾಟ್ ಮತ್ತು ಕಿಟಾಸು ಹೇಹೇಸ್ ಜನರ ನಾಡು ಇದು. ಅಲ್ಲಿಯವರು ಹೇಳುವ ಕಥೆಯಲ್ಲಿ, ಲೋಕವೆಲ್ಲ ಮಂಜುಗಡ್ಡೆಯಿಂದ ಮುಚ್ಚಿದ್ದ ಕಾಲವನ್ನು ಜನ ಮರೆಯಬಾರದೆಂದು ರೇವನ್ ಎಂಬ ದೊಡ್ಡ ಕಾಗೆ, ಲೋಕ ಹಸಿರಾದ ಮೇಲೆ ಹತ್ತು ಕಪ್ಪು ಕರಡಿಗಳಲ್ಲಿ ಒಂದನ್ನು ಬಿಳಿ ಮಾಡಿತಂತೆ. ಕಥೆಯೂ ಅನುಪಾತದ ಲೆಕ್ಕ ಇಟ್ಟಿರುವುದು ನನಗೆ ಬಹಳ ಹಿಡಿಸಿತು. ಇನ್ನೊಂದು ಸಂಗತಿ ಅದಕ್ಕಿಂತ ದೊಡ್ಡದು. ತುಪ್ಪಳದ ವ್ಯಾಪಾರಿಗಳು ಬಂದ ಕಾಲದಲ್ಲಿ ಹಿರಿಯರು ಈ ಕರಡಿಯ ಮಾತನ್ನೇ ಹೊರಗಿನವರ ಮುಂದೆ ಎತ್ತಬಾರದೆಂದು ಮಕ್ಕಳಿಗೆ ಕಲಿಸಿದರು. ಸುದ್ದಿ ಹಬ್ಬಿದರೆ ಬೇಟೆಗಾರ ಬರುತ್ತಾನೆ. ಆ ಮೌನ ಎಷ್ಟೋ ತಲೆಮಾರು ನಡೆಯಿತು.

ಈಗ ಗುಟ್ಟು ಉಳಿದಿಲ್ಲ. 2006ರಲ್ಲಿ ಇದು ಪ್ರಾಂತ್ಯದ ಅಧಿಕೃತ ಪ್ರಾಣಿಯಾಯಿತು. 2016ರ ಒಪ್ಪಂದದಿಂದ ಆ ಕಾಡಿನ ಶೇ. 85 ಭಾಗದಲ್ಲಿ ಮರ ಕಡಿಯುವ ಉದ್ಯಮಕ್ಕೆ ತಡೆ ಬಿತ್ತು. ಬಿಳಿ ಕರಡಿಯನ್ನು ಕೊಲ್ಲುವುದಂತೂ ಮೊದಲೇ ನಿಷಿದ್ಧವಾಗಿತ್ತು. ಆದರೆ ಕಪ್ಪು ಕರಡಿಯ ಬೇಟೆಗೆ ಪರವಾನಗಿ ಸಿಗುತ್ತಿತ್ತು. ಗುಂಡಿಗೆ ಬಿದ್ದ ಕಪ್ಪು ಕರಡಿಯೊಳಗೆ ಬಿಳಿಯ ಜೀನ್ ಇತ್ತೋ ಇಲ್ಲವೋ ಎಂದು ಬೇಟೆಗಾರ ನೋಡಿ ಹೇಳಲಾರ. ಮೂಲನಿವಾಸಿಗಳು ಇದನ್ನೇ ಮುಂದಿಟ್ಟು ಒತ್ತಾಯಿಸಿದರು. 2022ರಲ್ಲಿ ಆ ಎರಡು ಸಮುದಾಯಗಳ ನಾಡಿನಲ್ಲಿ ಕಪ್ಪು ಕರಡಿಯ ಬೇಟೆಯನ್ನೂ ಸರ್ಕಾರ ನಿಲ್ಲಿಸಿತು.