ಹೊಟ್ಟೆಯ ಆರೋಗ್ಯ, ದೀರ್ಘಕಾಲದ ಕಾಯಿಲೆ ಮತ್ತು ಆರೋಗ್ಯ ವಿಮೆ: ಜೈನ ಕುಟುಂಬಗಳು ತಿಳಿದಿರಬೇಕಾದ ವಿಷಯಗಳು

ಆಹಾರದ ಶಿಸ್ತು ಜೈನ ಮನೆಗಳಿಗೆ ಹೊಸದಲ್ಲ. ಸೂರ್ಯಾಸ್ತಕ್ಕೆ ಮುಂಚೆ ಊಟ, ಸೋಸಿ ಕಾಯಿಸಿದ ನೀರು, ಕಂದಮೂಲಗಳ ತ್ಯಾಗ, ಅಷ್ಟಮಿ-ಚತುರ್ದಶಿಯ ವ್ರತ, ದಶಲಕ್ಷಣ ಪರ್ವದ ಉಪವಾಸ ಇವೆಲ್ಲ ತಲೆಮಾರುಗಳಿಂದ ನಡೆದು ಬಂದಿವೆ. ಹೀಗಿದ್ದರೂ ಎದೆಯುರಿ, ಮಲಬದ್ಧತೆ, ಪಿತ್ತಕೋಶದ ಕಲ್ಲು, ಫ್ಯಾಟಿ ಲಿವರ್, ಸಕ್ಕರೆ ಕಾಯಿಲೆ ನಮ್ಮ ಮನೆಗಳಲ್ಲೂ ಇವೆ. "ನಾವು ಸಾತ್ವಿಕ ಆಹಾರ ಸೇವಿಸುವವರು, ನಮಗೇಕೆ ವಿಮೆ?" ಎಂಬ ಮಾತನ್ನೂ ಆಗಾಗ ಕೇಳುತ್ತೇವೆ. ಸಾತ್ವಿಕ ಆಹಾರ ಕಾಯಿಲೆಯ ಸಾಧ್ಯತೆಯನ್ನು ತಗ್ಗಿಸಬಹುದು, ಆದರೆ ಆಸ್ಪತ್ರೆಯ ಬಿಲ್ಲನ್ನು ಕಟ್ಟುವುದಿಲ್ಲ. ಆದ್ದರಿಂದ ಈ ಲೇಖನದಲ್ಲಿ ಎರಡು ವಿಷಯಗಳನ್ನು ಒಟ್ಟಿಗೆ ನೋಡೋಣ: ಹೊಟ್ಟೆಯನ್ನು ಕಾಪಾಡಿಕೊಳ್ಳುವ ಬಗೆ ಮತ್ತು ಕಾಯಿಲೆ ಬಂದಾಗ ಕುಟುಂಬವನ್ನು ಕಾಪಾಡುವ ಬಗೆ.

ಕರುಳಿನಲ್ಲಿ ನಡೆಯುವುದೇನು?

ನಮ್ಮ ದೊಡ್ಡ ಕರುಳಿನಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ನಾವು ತಿಂದ ನಾರಿನಂಶ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಬರುತ್ತದೆ. ಅಲ್ಲಿ ಈ ಜೀವಿಗಳು ಅದನ್ನು ಒಡೆದು ಬ್ಯುಟಿರೇಟ್‌ನಂತಹ ಸಣ್ಣ ಕೊಬ್ಬಿನ ಆಮ್ಲಗಳನ್ನು ತಯಾರಿಸುತ್ತವೆ. ಕರುಳಿನ ಒಳಪದರದ ಜೀವಕೋಶಗಳಿಗೆ ಇದೇ ಮುಖ್ಯ ಆಹಾರ. ನಾರು ಕಡಿಮೆಯಾಗಿ, ಮೈದಾ, ಸಕ್ಕರೆ ಮತ್ತು ಕರಿದ ತಿಂಡಿ ಹೆಚ್ಚಾದರೆ ಈ ವ್ಯವಸ್ಥೆ ಸೊರಗುತ್ತದೆ. ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪಾಲಿಷ್ ಮಾಡಿದ ಅಕ್ಕಿಯ ಅನ್ನ, ತಿಳಿ ಸಾರು, ಸಂಜೆಗೆ ಚಕ್ಕುಲಿ, ಮಿಕ್ಸ್ಚರ್ ಇಷ್ಟರಲ್ಲೇ ದಿನ ಕಳೆದರೆ ಅದು ಅಪ್ಪಟ ಸಸ್ಯಾಹಾರವೇ ಹೌದು, ಆದರೆ ಅದರಲ್ಲಿ ನಾರು ಇಲ್ಲವೆನ್ನುವಷ್ಟು ಕಡಿಮೆ.

ಜೈನ ಆಹಾರಕ್ರಮ: ಲಾಭ ಎಲ್ಲಿ, ಎಚ್ಚರ ಎಲ್ಲಿ?

ರಾತ್ರಿಭೋಜನ ತ್ಯಾಗದ ಲಾಭ ನೇರವಾದದ್ದು. ಊಟಕ್ಕೂ ಮಲಗುವುದಕ್ಕೂ ನಡುವೆ ಎರಡು-ಮೂರು ಗಂಟೆ ಅಂತರವಿರಲಿ ಎಂದು ಆಮ್ಲ ಮೇಲೇರುವ ತೊಂದರೆ ಇರುವವರಿಗೆ ವೈದ್ಯರು ಹೇಳುತ್ತಾರೆ. ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವವರಿಗೆ ಇದು ತಾನಾಗಿಯೇ ಸಿಗುತ್ತದೆ. ಹೊಟ್ಟೆಗಿಂತ ಸ್ವಲ್ಪ ಕಡಿಮೆ ತಿನ್ನುವ ಊನೋದರ ತಪವೂ ಹೊಟ್ಟೆಗೆ ಹಿತವೇ.

ಈರುಳ್ಳಿ, ಬೆಳ್ಳುಳ್ಳಿಯ ವಿಷಯ ಸ್ವಲ್ಪ ಬೇರೆ. ಇವುಗಳಲ್ಲಿ ಫ್ರಕ್ಟಾನ್ ಎಂಬ ನಾರಿನ ಬಗೆಯಿದೆ. ಐಬಿಎಸ್ ಎಂದು ಕರೆಯುವ ಸೂಕ್ಷ್ಮ ಕರುಳಿನ ತೊಂದರೆ ಇರುವವರಿಗೆ ಇದರಿಂದ ಹೊಟ್ಟೆಯುಬ್ಬರ ಹೆಚ್ಚುತ್ತದೆ. ಅಂಥವರಿಗೆ ಜೈನ ಅಡುಗೆ ಹಗುರ. ಆದರೆ ಅದೇ ಫ್ರಕ್ಟಾನ್ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಆಹಾರವೂ ಹೌದು. ಕಂದಮೂಲ ಬಿಟ್ಟವರು ಆ ಕೊರತೆಯನ್ನು ಹೆಸರು, ಕಡಲೆ, ಹುರುಳಿಯಂತಹ ಕಾಳುಗಳು, ರಾಗಿ, ಜೋಳ, ಇಡೀ ಗೋಧಿ, ಬಾಳೆಹಣ್ಣು, ಸೀಬೆ, ಹೀರೆ, ಸೋರೆ, ಬೆಂಡೆಯಿಂದ ತುಂಬಿಕೊಳ್ಳಬೇಕು. ಚಾತುರ್ಮಾಸದಲ್ಲಿ ಸೊಪ್ಪು ಬಿಡುವ ಮನೆಗಳಲ್ಲಿ ಕಾಳು ಮತ್ತು ಸಿರಿಧಾನ್ಯದ ಪ್ರಮಾಣ ಹೆಚ್ಚಲಿ. ದ್ವಿದಳದ ನಿಯಮ ಪಾಲಿಸುವವರು ಬೇಳೆಯನ್ನೂ ಮೊಸರನ್ನೂ ಬೇರೆ ಬೇರೆ ಹೊತ್ತಿಗೆ ಇಟ್ಟುಕೊಂಡರೆ ಎರಡೂ ಸಿಗುತ್ತವೆ. ಮೊಸರು ಮರ್ಯಾದೆಯೊಳಗಿನ ತಾಜಾ ಮೊಸರೇ ಆಗಿರಲಿ, ಅದರ ಉಪಯೋಗಕ್ಕೆ ಕೊರತೆಯಿಲ್ಲ.

ನಿಜವಾದ ಎಚ್ಚರ ಬೇಕಾದದ್ದು ವಿಟಮಿನ್ ಬಿ12 ವಿಷಯದಲ್ಲಿ. ಧಾನ್ಯ, ತರಕಾರಿಗಳಲ್ಲಿ ಇದು ಸಿಗದು. ನಮಗೆ ಹಾಲು, ಮೊಸರೇ ಆಧಾರ. ಇದು ಹೀರಲ್ಪಡುವುದು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ. ಆದ್ದರಿಂದ ಆ ಭಾಗಕ್ಕೆ ಕಾಯಿಲೆ ಬಂದರೆ ಹಾಲು ಕುಡಿದರೂ ಸಾಲದು. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮತ್ತು ಎದೆಯುರಿಗೆ ಕೊಡುವ ಪ್ಯಾಂಟೊಪ್ರಜೋಲ್‌ನಂತಹ ಮಾತ್ರೆಗಳನ್ನು ವರ್ಷಗಟ್ಟಲೆ ತೆಗೆದುಕೊಂಡರೂ ಬಿ12 ತಗ್ಗಬಹುದು. ಕೈಕಾಲು ಜೋಮು, ವಿಪರೀತ ಸುಸ್ತು, ಬಾಯಿಹುಣ್ಣು, ಮರೆವು ಇದ್ದರೆ ಒಂದು ರಕ್ತಪರೀಕ್ಷೆ ಮಾಡಿಸಿ. ಮಾತ್ರೆಯಲ್ಲಿರುವ ಬಿ12 ಸೂಕ್ಷ್ಮಜೀವಿಗಳ ಹುದುಗುವಿಕೆಯಿಂದ ತಯಾರಾಗುತ್ತದೆ, ಪ್ರಾಣಿಜನ್ಯವಲ್ಲ. ಆದರೆ ಕ್ಯಾಪ್ಸೂಲಿನ ಹೊರಕವಚ ಹೆಚ್ಚಾಗಿ ಜೆಲಟಿನ್. ಗುಳಿಗೆ ರೂಪದ ಔಷಧ ಅಥವಾ ಸಸ್ಯಜನ್ಯ ಕವಚ ಬೇಕೆಂದು ವೈದ್ಯರಲ್ಲಿ ಮೊದಲೇ ಕೇಳಿ. ಮೇದೋಜೀರಕ ಗ್ರಂಥಿಯ ಕಾಯಿಲೆಗೆ ಕೊಡುವ ಪ್ಯಾಂಕ್ರಿಯಾಟಿನ್ ಸಾಮಾನ್ಯವಾಗಿ ಹಂದಿಯಿಂದ ಬರುವಂಥದ್ದು. ಇಂತಹ ಸಂದರ್ಭದಲ್ಲಿ ಔಷಧವನ್ನು ಹೇಳದೆ ನಿಲ್ಲಿಸುವುದಕ್ಕಿಂತ ವೈದ್ಯರೊಂದಿಗೆ ಬಿಚ್ಚಿ ಮಾತನಾಡುವುದು ಒಳ್ಳೆಯದು.

ಉಪವಾಸ ಮಾಡುವವರು ಗಮನಿಸಬೇಕಾದದ್ದು

ಆರೋಗ್ಯವಂತರು ಒಂದು ದಿನದ ಉಪವಾಸವನ್ನು ಸುಲಭವಾಗಿ ತಾಳಿಕೊಳ್ಳುತ್ತಾರೆ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರ ಸ್ಥಿತಿ ಬೇರೆ. ಊಟವಿಲ್ಲದೆ ಔಷಧ ಮಾತ್ರ ಹೋದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮೂತ್ರಪಿಂಡದ ಕಾಯಿಲೆ ಇರುವವರಿಗೆ, ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರಿಗೆ ನಿರ್ಜಲ ಉಪವಾಸ ಅಪಾಯಕಾರಿ. ದಶಲಕ್ಷಣಕ್ಕೆ ಎರಡು ವಾರ ಮುಂಚೆಯೇ ವೈದ್ಯರನ್ನು ಕಂಡು ಔಷಧದ ಪ್ರಮಾಣ ಹೊಂದಿಸಿಕೊಳ್ಳಿ. ಹಲವು ದಿನಗಳ ಉಪವಾಸದ ನಂತರದ ಪಾರಣೆ ನಿಧಾನವಾಗಿರಲಿ. ಒಮ್ಮೆಲೇ ಸಿಹಿ ಮತ್ತು ಭಾರಿ ಊಟ ಮಾಡಿದರೆ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ಹಠಾತ್ತನೆ ಕುಸಿದು ಹೃದಯಕ್ಕೆ ತೊಂದರೆಯಾಗಬಹುದು. ಶಕ್ತಿಗೆ ತಕ್ಕ ತಪ ಎಂಬುದು ನಮ್ಮ ಪರಂಪರೆಯ ಮಾತೇ ಅಲ್ಲವೇ? ಏಕಾಶನ, ರಸತ್ಯಾಗ, ಸ್ವಾಧ್ಯಾಯವೂ ತಪವೇ.

ಯಾವ ಲಕ್ಷಣಗಳನ್ನು ಕಡೆಗಣಿಸಬಾರದು?

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಕೆ, ನುಂಗಲು ಕಷ್ಟ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಹೊಟ್ಟೆನೋವು ಅಥವಾ ಭೇದಿ, 45 ದಾಟಿದ ಮೇಲೆ ಹೊಸದಾಗಿ ಬದಲಾದ ಮಲವಿಸರ್ಜನೆಯ ಕ್ರಮ. ಇವುಗಳಲ್ಲಿ ಒಂದಿದ್ದರೂ ಮನೆಮದ್ದಿನಲ್ಲಿ ಕಾಲ ಕಳೆಯಬೇಡಿ. ಮಲದ ರಕ್ತವನ್ನು ಮೂಲವ್ಯಾಧಿ ಎಂದುಕೊಂಡು ಸುಮ್ಮನಿದ್ದು ಕರುಳಿನ ಕ್ಯಾನ್ಸರ್ ತಡವಾಗಿ ಗೊತ್ತಾಗುವುದುಂಟು. ನಮ್ಮ ದೇಶದಲ್ಲಿ ಕರುಳಿನ ಕ್ಷಯ ಮತ್ತು ಕ್ರೋನ್ಸ್ ಕಾಯಿಲೆಯ ಲಕ್ಷಣಗಳು ಒಂದನ್ನೊಂದು ಹೋಲುವುದರಿಂದ ಸರಿಯಾದ ಪರೀಕ್ಷೆ ಬಹಳ ಮುಖ್ಯ. ಒಂದಕ್ಕೆ ಕೊಡುವ ಔಷಧ ಇನ್ನೊಂದನ್ನು ಉಲ್ಬಣಗೊಳಿಸಬಲ್ಲದು.

ವಿಮೆಯನ್ನು ಆರೋಗ್ಯವಾಗಿದ್ದಾಗಲೇ ಏಕೆ ಮಾಡಿಸಬೇಕು?

ನಮ್ಮಲ್ಲಿ ಹೆಚ್ಚಿನವರು ವ್ಯಾಪಾರಿಗಳು ಅಥವಾ ಕೃಷಿಕರು. ಕಂಪನಿ ಕೊಡುವ ವಿಮೆ ಅವರಿಗಿಲ್ಲ. ಕಾಯಿಲೆ ಗೊತ್ತಾದ ಮೇಲೆ ಪಾಲಿಸಿ ಹುಡುಕುವುದು ಬಾವಿ ತೋಡುವ ಕೆಲಸವನ್ನು ಬೆಂಕಿ ಬಿದ್ದ ಮೇಲೆ ಆರಂಭಿಸಿದಂತೆ. ಅದಕ್ಕೆ ಕಾರಣ ಕಾಯುವ ಅವಧಿಗಳು.

ಮೊದಲನೆಯದು, ಅಪಘಾತ ಬಿಟ್ಟು ಉಳಿದ ಕಾಯಿಲೆಗಳಿಗೆ ಮೊದಲ 30 ದಿನ. ಎರಡನೆಯದು, ಪಿತ್ತಕೋಶದ ಕಲ್ಲು, ಹರ್ನಿಯಾ, ಮೂಲವ್ಯಾಧಿ, ಕಣ್ಣಿನ ಪೊರೆಯಂತಹ ಪಟ್ಟಿ ಮಾಡಿದ ಕಾಯಿಲೆಗಳಿಗೆ ಪಾಲಿಸಿಯಲ್ಲಿ ನಮೂದಿಸಿದ ಪ್ರತ್ಯೇಕ ಅವಧಿ. ಮೂರನೆಯದು, ಮೊದಲೇ ಇರುವ ಕಾಯಿಲೆಗಳಿಗೆ ಗರಿಷ್ಠ 36 ತಿಂಗಳು. ಇದು ಹಿಂದೆ 48 ತಿಂಗಳಿತ್ತು. ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಇಳಿಸಿತು. ಹೊಟ್ಟೆಯ ಕಾಯಿಲೆಗಳ ಮಟ್ಟಿಗೆ ಇನ್ನೊಂದು ಮಾತಿದೆ. ಪ್ರಾಧಿಕಾರದ 2019ರ ಮಾರ್ಗಸೂಚಿಯಲ್ಲಿ, ಮೊದಲೇ ಇದ್ದರೆ ಗ್ರಾಹಕರ ಒಪ್ಪಿಗೆ ಪಡೆದು ಶಾಶ್ವತವಾಗಿ ಹೊರಗಿಡಬಹುದಾದ ಕಾಯಿಲೆಗಳ ಪಟ್ಟಿಯಿತ್ತು. ಅದರಲ್ಲಿ ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್‌ನಂತಹ ಕರುಳಿನ ಉರಿಯೂತ, ದೀರ್ಘಕಾಲದ ಯಕೃತ್ತಿನ ಕಾಯಿಲೆ ಮತ್ತು ಮೇದೋಜೀರಕದ ಕಾಯಿಲೆಗಳೂ ಸೇರಿದ್ದವು. ಅಂದರೆ ಪಾಲಿಸಿ ಕೊಂಡ ನಂತರ ಬಂದ ಕ್ರೋನ್ಸ್‌ಗೂ ಕೊಳ್ಳುವ ಮುಂಚೆಯೇ ಇದ್ದ ಕ್ರೋನ್ಸ್‌ಗೂ ಅಜಗಜಾಂತರ. ಪಾಲಿಸಿಯ ಷರತ್ತುಗಳಲ್ಲಿ ಇಂತಹ ಹೊರಗಿಡುವಿಕೆ ಇದೆಯೇ ಎಂದು ಸಹಿ ಹಾಕುವ ಮುಂಚೆ ಓದಿ.

ಮಗನಿಗೆ 25 ವರ್ಷವಾದಾಗ ಮಾಡಿಸಿದ ಪಾಲಿಸಿಯ ಕಾಯುವ ಅವಧಿಗಳೆಲ್ಲ ಅವನಿಗೆ 30 ಆಗುವಷ್ಟರಲ್ಲಿ ಮುಗಿದಿರುತ್ತವೆ. ವಯಸ್ಸಾದವರಿಗೂ ಬಾಗಿಲು ಮುಚ್ಚಿಲ್ಲ. 65ಕ್ಕೆ ಮೇಲ್ಪಟ್ಟವರಿಗೂ ವಿಮೆ ಕೊಡಲು ಕಂಪನಿಗಳಿಗೆ 2024ರ ನಿಯಮಗಳು ದಾರಿ ಮಾಡಿಕೊಟ್ಟಿವೆ. ವೈಯಕ್ತಿಕ ಮತ್ತು ಕುಟುಂಬ ಆರೋಗ್ಯ ಪಾಲಿಸಿಗಳ ಪ್ರೀಮಿಯಂ ಮೇಲಿದ್ದ ಶೇ. 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ರದ್ದಾಗಿದೆ.

ನಿಜ ಹೇಳುವುದೇ ರಕ್ಷಣೆ

ಪ್ರಸ್ತಾವ ಪತ್ರದಲ್ಲಿ ಸಕ್ಕರೆ ಕಾಯಿಲೆ, ಎಂಡೋಸ್ಕೋಪಿ, ಹಳೆಯ ಶಸ್ತ್ರಚಿಕಿತ್ಸೆ ಎಲ್ಲವನ್ನೂ ಬರೆಯಿರಿ. "ಅದನ್ನು ಬರೆಯಬೇಡಿ, ಪ್ರೀಮಿಯಂ ಹೆಚ್ಚಾಗುತ್ತದೆ" ಎಂದು ಏಜೆಂಟ್ ಹೇಳಿದರೂ ಬರೆಯಿರಿ. ಕ್ಲೇಮ್ ಬಂದಾಗ ಕಂಪನಿ ಹಳೆಯ ಚೀಟಿಗಳನ್ನು ಹುಡುಕುತ್ತದೆ, ಮುಚ್ಚಿಟ್ಟದ್ದು ಸಿಕ್ಕರೆ ಹಣವೂ ಹೋಗುತ್ತದೆ, ಪಾಲಿಸಿಯೂ ಹೋಗುತ್ತದೆ. ಸತ್ಯಾಣುವ್ರತವನ್ನು ವ್ಯವಹಾರದಲ್ಲಿ ಪಾಲಿಸುವ ಸಮಾಜಕ್ಕೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಸತತ 60 ತಿಂಗಳು ಪಾಲಿಸಿ ನಡೆದ ಮೇಲೆ, ವಂಚನೆ ಸಾಬೀತಾದ ಹೊರತು, ಮಾಹಿತಿ ಕೊಟ್ಟಿಲ್ಲವೆಂಬ ಕಾರಣಕ್ಕೆ ಕ್ಲೇಮ್ ತಳ್ಳಿಹಾಕುವಂತಿಲ್ಲ. ಹಾಗಾಗಿ ನವೀಕರಣದ ದಿನ ತಪ್ಪದಂತೆ ನೋಡಿಕೊಳ್ಳಿ.

ಪಾಲಿಸಿಯಲ್ಲಿ ನೋಡಲೇಬೇಕಾದ ಅಂಶಗಳು

ಕೊಠಡಿ ಬಾಡಿಗೆ ಮಿತಿ: ದಿನಕ್ಕೆ 5,000 ರೂ. ಮಿತಿಯಿದ್ದು ನೀವು 8,000 ರೂ. ಕೊಠಡಿ ತೆಗೆದುಕೊಂಡರೆ ಕಡಿತವಾಗುವುದು ಬಾಡಿಗೆಯ ವ್ಯತ್ಯಾಸ ಮಾತ್ರವಲ್ಲ. ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿ, ಶುಶ್ರೂಷೆಯ ವೆಚ್ಚವೂ ಅದೇ ಅನುಪಾತದಲ್ಲಿ ಕಡಿತವಾಗಬಹುದು. ನಾಲ್ಕು ದಿನದ ಬಾಡಿಗೆ 32,000 ಮತ್ತು ಈ ವೆಚ್ಚಗಳು 1,60,000 ರೂ. ಆದರೆ ಕಂಪನಿ ಕೊಡುವುದು 20,000 ಮತ್ತು 1,00,000. ಉಳಿದ 72,000 ರೂ. ನಿಮ್ಮದೇ.

ಸಹಪಾವತಿ: ಪ್ರತಿ ಕ್ಲೇಮಿನಲ್ಲೂ ನೀವು ಭರಿಸಬೇಕಾದ ಪಾಲು. ಎಲ್ಲ ಕಂಪನಿಗಳಲ್ಲೂ ಒಂದೇ ಷರತ್ತಿನಲ್ಲಿ ಸಿಗುವ ಆರೋಗ್ಯ ಸಂಜೀವನಿ ಪಾಲಿಸಿಯಲ್ಲಿ ಇದು ಶೇ. 5.

ಹೊರರೋಗಿ ವೆಚ್ಚ: ದೀರ್ಘಕಾಲದ ಹೊಟ್ಟೆಯ ಕಾಯಿಲೆಯಲ್ಲಿ ಹಣ ಸೋರುವುದೇ ಇಲ್ಲಿ. ತಿಂಗಳ ಮಾತ್ರೆ, ರಕ್ತಪರೀಕ್ಷೆ, ವೈದ್ಯರ ಭೇಟಿಗೆ ಸಾಮಾನ್ಯ ಪಾಲಿಸಿ ಕೊಡುವುದಿಲ್ಲ. ಬರೀ ತಪಾಸಣೆಗಾಗಿ ದಾಖಲಾದರೂ ಕೊಡುವುದಿಲ್ಲ. ಇದಕ್ಕೆ ಪ್ರತ್ಯೇಕ ಉಳಿತಾಯ ಇಟ್ಟುಕೊಳ್ಳಿ.

ಜೈವಿಕ ಔಷಧಗಳು: ಕ್ರೋನ್ಸ್, ಕೊಲೈಟಿಸ್‌ಗೆ ಕೊಡುವ ಇನ್‌ಫ್ಲಿಕ್ಸಿಮಾಬ್‌ನಂತಹ ಚುಚ್ಚುಮದ್ದು ದುಬಾರಿ. ಇವಕ್ಕೆ ಉಪಮಿತಿ ಎಷ್ಟಿದೆ ಎಂದು ಕೇಳಿ.

ಆಯುಷ್: ಆಯುರ್ವೇದ ಆಸ್ಪತ್ರೆಯಲ್ಲಿ ದಾಖಲಾಗಿ ಪಡೆದ ಚಿಕಿತ್ಸೆಗೆ ರಕ್ಷಣೆಯಿದೆಯೇ ನೋಡಿ. ವಿಶ್ರಾಂತಿ, ಪುನಶ್ಚೇತನಕ್ಕಾಗಿ ಹೋದದ್ದಕ್ಕೆ ಸಿಗದು.

ಪಾಲಿಸಿ ಕೈಗೆ ಬಂದ 30 ದಿನಗಳೊಳಗೆ, ಇಷ್ಟವಾಗದಿದ್ದರೆ ಹಿಂದಿರುಗಿಸಬಹುದು. ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಕಂಪನಿ 1 ಗಂಟೆಯಲ್ಲಿ, ಬಿಡುಗಡೆಯ ಅಂತಿಮ ಒಪ್ಪಿಗೆಗೆ 3 ಗಂಟೆಯಲ್ಲಿ ಉತ್ತರಿಸಬೇಕು. ಕ್ಲೇಮ್ ತಿರಸ್ಕೃತವಾದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರ ಕಚೇರಿಗೆ ಒಂದು ವರ್ಷದೊಳಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಸರ್ಕಾರಿ ಮತ್ತು ಸಾಮುದಾಯಿಕ ಯೋಜನೆಗಳು

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಸರ್ಕಾರ ನಿಗದಿಪಡಿಸಿದ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷ ರೂ.ವರೆಗೆ ನೆರವಿದೆ. ತುರ್ತು ಅಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಆರಂಭವಾಗಿ, ನಡುವೆ ನಿಂತು, 2022-23ರಲ್ಲಿ ಮರಳಿ ಬಂದ ಯಶಸ್ವಿನಿ ಯೋಜನೆ ಅಡಿಕೆ, ಕಬ್ಬು, ಹಾಲಿನ ಸಂಘಗಳಲ್ಲಿರುವ ನಮ್ಮ ಕೃಷಿಕರಿಗೆ ಉಪಯುಕ್ತ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು ಸ್ವಸಹಾಯ ಸಂಘಗಳ ಸದಸ್ಯರಿಗಾಗಿ 2004ರಲ್ಲಿ ಆರಂಭಿಸಿದ ಸಂಪೂರ್ಣ ಸುರಕ್ಷಾ, ಹಳ್ಳಿಯ ಕುಟುಂಬಗಳು ಒಟ್ಟಾಗಿ ಸಣ್ಣ ಕಂತು ಕಟ್ಟಿ ದೊಡ್ಡ ವೆಚ್ಚವನ್ನು ಎದುರಿಸಬಹುದೆಂದು ತೋರಿಸಿಕೊಟ್ಟಿದೆ.

ಔಷಧದಾನಕ್ಕೆ ಇಂದಿನ ರೂಪ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಔಷಧದಾನಕ್ಕೆ ನಮ್ಮ ಪೂರ್ವಿಕರು ದೊಡ್ಡ ಸ್ಥಾನ ಕೊಟ್ಟಿದ್ದಾರೆ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಜೇನುಗಳಿಲ್ಲದೆ ಚಿಕಿತ್ಸೆ ಸಾಧ್ಯವೆಂದು ‘ಕಲ್ಯಾಣಕಾರಕ’ದಲ್ಲಿ ತೋರಿಸಿದರು. ಧರ್ಮ ಮತ್ತು ವೈದ್ಯ ಜೊತೆಯಾಗಿ ನಡೆದ ಪರಂಪರೆ ನಮ್ಮದು.

ಇಂದು ಸಮಾಜದ ವಾಟ್ಸಾಪ್ ಗುಂಪುಗಳಲ್ಲಿ ಆಸ್ಪತ್ರೆಯ ಬಿಲ್ಲಿನ ಚಿತ್ರದೊಂದಿಗೆ ಸಹಾಯದ ಕೋರಿಕೆ ಬರುತ್ತಲೇ ಇರುತ್ತದೆ. ದಾನಿಗಳು ಕೊಡುತ್ತಾರೆ, ಆದರೆ ಆ ವೇಳೆಗೆ ಕುಟುಂಬ ಒಡವೆ ಮಾರಿರುತ್ತದೆ, ಜಮೀನಿನ ಮೇಲೆ ಸಾಲ ಎತ್ತಿರುತ್ತದೆ. ಅದೇ ದಾನವನ್ನು ಮುಂಚೆಯೇ ಕೊಟ್ಟರೆ ಹೇಗೆ? ಬಸದಿಯ ಇಂದ್ರರು, ಪರಿಚಾರಕರು, ಒಂಟಿಯಾಗಿರುವ ವೃದ್ಧರು, ಕಡಿಮೆ ಆದಾಯದ ಕುಟುಂಬಗಳ ಪ್ರೀಮಿಯಂ ಅಥವಾ ಯಶಸ್ವಿನಿ ನೋಂದಣಿ ಶುಲ್ಕವನ್ನು ಪ್ರತಿ ಊರಿನ ಜೈನ ಸಂಘ ವಹಿಸಿಕೊಳ್ಳಬಹುದು. ವರ್ಷಕ್ಕೊಮ್ಮೆ ದಶಲಕ್ಷಣದ ಸಂದರ್ಭದಲ್ಲಿ ಬಸದಿಯ ಆವರಣದಲ್ಲೇ ಸಕ್ಕರೆ, ರಕ್ತದೊತ್ತಡ, ಹಿಮೋಗ್ಲೋಬಿನ್, ಬಿ12 ತಪಾಸಣೆ ನಡೆಸಬಹುದು. ಸಂಘದ ಇಬ್ಬರು ಯುವಕರು ಕಾರ್ಡ್ ಮಾಡಿಸಿಕೊಡಲು, ಕ್ಲೇಮ್ ಅರ್ಜಿ ತುಂಬಿಕೊಡಲು ಮುಂದೆ ಬಂದರೆ ಅದೂ ಔಷಧದಾನವೇ.

ಈ ವಾರ ಮನೆಯಲ್ಲಿ ಮೂರು ಕೆಲಸ ಮಾಡಿ. ಎಲ್ಲರ ಪಾಲಿಸಿ ಮತ್ತು ಆರೋಗ್ಯ ಕಾರ್ಡುಗಳನ್ನು ಒಂದೇ ಕಡತದಲ್ಲಿ ಇಡಿ. ನವೀಕರಣದ ದಿನಾಂಕಗಳನ್ನು ಪಂಚಾಂಗದ ಮೇಲೆ ಬರೆಯಿರಿ. ಹಿರಿಯರು ಹೇಳಿಕೊಳ್ಳದೆ ನುಂಗಿಕೊಂಡಿರುವ ಹೊಟ್ಟೆಯ ತೊಂದರೆ ಏನಾದರೂ ಇದೆಯೇ ಎಂದು ಕೇಳಿ. ಇರಬಹುದು.

ಜೈ ಜಿನೇಂದ್ರ.