ಅಪ್ಪನ ಕನ್ನಡಕಕ್ಕೆ ಯಾವ ಪ್ಲಾಸ್ಟಿಕ್?

ಮಳೆಗಾಲ ಮುಗಿದು ತೋಟದಲ್ಲಿ ಹುಲ್ಲು ಹೊಡೆಯುವಾಗ ಮೆಷಿನಿನಿಂದ ಹಾರಿದ ಕಲ್ಲೊಂದು ನೇರ ಅಪ್ಪನ ಕನ್ನಡಕಕ್ಕೆ ಬಡಿಯಿತು. ಲೆನ್ಸ್ ಎರಡು ತುಂಡು. ಹುಬ್ಬಿನ ಹತ್ತಿರ ಸಣ್ಣ ಗಾಯ, ಪುಣ್ಯಕ್ಕೆ ಕಣ್ಣಿಗೇನೂ ಆಗಲಿಲ್ಲ. "ಎಂತ ಆಗ್ಲಿಲ್ಲ ಮಾರಾಯ, ಹೊಸತು ಮಾಡಿಸಿದ್ರಾಯ್ತು" ಅಂತ ಅಪ್ಪ ಫೋನಿನಲ್ಲಿ ನಕ್ಕರು. ಬೆಂಗಳೂರಲ್ಲಿ ಕೂತ ನನಗೆ ಆ ದಿನ ಒಂದು ಸಾಲು ಕೋಡ್ ಬರೆಯಲಾಗಲಿಲ್ಲ.

ಶನಿವಾರ ಕಡಬಕ್ಕೆ ಹೋಗಿ, ಅಪ್ಪನನ್ನು ಪುತ್ತೂರಿನ ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದೆ. ಒಡೆದದ್ದು ಸಿಆರ್-39. ಕೊಲಂಬಿಯಾ ರೆಸಿನ್ ಎಂಬ ಸಾಲಿನ 39ನೇ ಸೂತ್ರ ಅದು, 1940ರ ಸುಮಾರಿಗೆ ಅಮೆರಿಕದಲ್ಲಿ ಹುಟ್ಟಿದ್ದು. ಗಾಜಿನ ಅರ್ಧದಷ್ಟೇ ಭಾರ, ನೋಟ ಗಾಜಿನಷ್ಟೇ ಸ್ವಚ್ಛ. ಆದರೆ ಅಚ್ಚಿನಲ್ಲಿ ಒಮ್ಮೆ ಗಟ್ಟಿಯಾದರೆ ಅದರ ಅಣುಗಳು ಬಲೆಯ ಹಾಗೆ ಬಿಗಿದುಕೊಂಡಿರುತ್ತವೆ. ಜೋರು ಪೆಟ್ಟಿಗೆ ಬಾಗುವುದಿಲ್ಲ, ಬಿರಿಯುತ್ತದೆ.

ಪಾಲಿಕಾರ್ಬೊನೇಟ್ ಹಾಗಲ್ಲ. ಕರಗಿಸಿ ಅಚ್ಚಿಗೆ ಒತ್ತುವ ಪ್ಲಾಸ್ಟಿಕ್ ಅದು. ಉದ್ದುದ್ದ ಅಣುಸರಪಳಿಗಳು ಪೆಟ್ಟು ಬಿದ್ದಾಗ ಸ್ವಲ್ಪ ಜಾರಿ ಹೊಡೆತವನ್ನು ನುಂಗುತ್ತವೆ. ನೇರಳಾತೀತ ಕಿರಣವನ್ನೂ ತಾನೇ ತಡೆಯುತ್ತದೆ. ಮತ್ತೆ ಎಲ್ಲರೂ ಇದನ್ನೇ ಯಾಕೆ ಹಾಕುವುದಿಲ್ಲ?

ಒಂದು ಕಾರಣ, ಅಬ್ಬೆ ಸಂಖ್ಯೆ. ಜರ್ಮನಿಯ ಅರ್ನ್ಸ್ಟ್ ಅಬ್ಬೆಯ ಹೆಸರದು, ಹವ್ಯಕರ ಮನೆಯ ಅಬ್ಬೆಗೂ ಇದಕ್ಕೂ ಸಂಬಂಧ ಇಲ್ಲ. ಈ ಸಂಖ್ಯೆ ಕಮ್ಮಿಯಾದಷ್ಟೂ ಲೆನ್ಸ್ ಬಣ್ಣಗಳನ್ನು ಬೇರೆಬೇರೆಯಾಗಿ ಒಡೆಯುತ್ತದೆ. ಸಿಆರ್-39ಕ್ಕೆ ಅದು 58, ಪಾಲಿಕಾರ್ಬೊನೇಟಿಗೆ ಸುಮಾರು 30. ನನ್ನ ಪವರ್ ಮೈನಸ್ 6. ಅಂಚು ದಪ್ಪ ಕಾಣಬಾರದೆಂದು 1.67 ಲೆನ್ಸ್ ಹಾಕಿಸಿದ್ದೇನೆ, ಅದರ ಸಂಖ್ಯೆಯೂ 32 ಮಾತ್ರ. ಕಪ್ಪು ಸ್ಕ್ರೀನಿನ ಬಿಳಿ ಅಕ್ಷರವನ್ನು ಓರೆಗಣ್ಣಲ್ಲಿ ನೋಡಿದರೆ ನೀಲಿ, ಕೆಂಪು ಅಂಚು ಕಾಣುತ್ತದೆ. ನಿಮಗೂ ಹಾಗಾದರೆ ಕಣ್ಣಿನದ್ದಲ್ಲ, ಲೆನ್ಸಿನದ್ದಿರಬಹುದು.

ಅಪ್ಪನಿಗೆ ಇದು ತೊಂದರೆ ಆಗ್ತದಾ ಅಂತ ಅಂಗಡಿಯಲ್ಲೇ ಲೆಕ್ಕ ಹಾಕಿದೆ. ಪವರ್ ಅನ್ನು, ಲೆನ್ಸಿನ ನಡುವಿನಿಂದ ಎಷ್ಟು ಸೆಂಟಿಮೀಟರ್ ಆಚೆ ನೋಡುತ್ತೀರೋ ಅದರಿಂದ ಗುಣಿಸಿ, ಅಬ್ಬೆ ಸಂಖ್ಯೆಯಿಂದ ಭಾಗಿಸಬೇಕು. ಉತ್ತರ 0.1 ದಾಟಿದರೆ ಬಣ್ಣದ ಅಂಚು ಗೊತ್ತಾಗಲು ಶುರು. ಒಂದೂವರೆ ಸೆಂಟಿಮೀಟರ್ ಆಚೆ ನನ್ನದು 0.28. ಮೈನಸ್ 2 ಇರುವ ಅಪ್ಪನಿಗೆ ಪಾಲಿಕಾರ್ಬೊನೇಟಿನಲ್ಲೂ 0.1 ಅಷ್ಟೆ. ಸಾಕು.

ಇನ್ನೊಂದು ಕಾರಣ ಗೀರು. ಪೆಟ್ಟು ನುಂಗುವ ಅದೇ ಮೆತ್ತಗಿನ ಗುಣಕ್ಕೆ ಮೇಲ್ಮೈ ಬೇಗ ಗೀರುತ್ತದೆ, ಗಟ್ಟಿ ಲೇಪನ ಇಲ್ಲದೆ ಆಗುವುದೇ ಇಲ್ಲ. ಲೇಪನ ಇದ್ದೂ ಸುಳ್ಯದ ಭಾವನ ಲೆನ್ಸ್ ಒಂದೇ ವರ್ಷದಲ್ಲಿ ಮಂಜಾಗಿತ್ತು. ಕೊಳೆರೋಗದ ಮದ್ದು ಬಿಡುವಾಗ ಮೈಲುತುತ್ತು, ಸುಣ್ಣದ ಹನಿ ಕನ್ನಡಕದ ಮೇಲೆ ಒಣಗಿ ಪುಡಿ ಕೂರುತ್ತದೆ. ಭಾವ ಅದನ್ನು ಒಣ ಬೈರಾಸಿನಲ್ಲಿ ತಿಕ್ಕುವುದು. ಮೊದಲು ನೀರು ಹೊಯ್ದು ತೊಳೆಯಬೇಕು ಭಾವ ಅಂದರೆ, "ತೋಟದಲ್ಲಿ ಅದಕ್ಕೆಲ್ಲ ಯಾರಿಗೆ ಪುರುಸೊತ್ತು?"

ಟ್ರೈವೆಕ್ಸ್ ಎಂಬುದೂ ಇದೆ. ಪೆಟ್ಟೂ ತಡೆಯುತ್ತದೆ, ಅಬ್ಬೆ ಸಂಖ್ಯೆಯೂ 43ರ ಮೇಲೆ. ಆದರೆ ಆರ್ಡರ್ ಮಾಡಿ ತರಿಸಬೇಕು, ರೇಟೂ ಜಾಸ್ತಿ ಎಂದರು ಅಂಗಡಿಯವರು. ಕೊನೆಗೆ ಎರಡು ಮಾಡಿಸಿದೆವು. ಪೇಪರ್ ಓದಲು, ಜಂಬರಗಳಿಗೆ ಸಿಆರ್-39, ತೋಟಕ್ಕೆ ಪಾಲಿಕಾರ್ಬೊನೇಟ್. ಮಾಮೂಲಿ ಫ್ರೇಮಿಗೆ ಬದಿಯ ರಕ್ಷಣೆ ಇಲ್ಲದ ಕಾರಣ, ಹುಲ್ಲು ಹೊಡೆಯುವಾಗ ಮೇಲಿಂದ ಹಾಕಲು ದೊಡ್ಡ ಗಾಗಲ್ಸನ್ನೂ ತೆಗೆಸಿಕೊಟ್ಟೆ.

ಮೊನ್ನೆ ಅಮ್ಮ ಫೋನಿನಲ್ಲಿ ಹೇಳಿದರು, ಅಪ್ಪ ತೋಟದ ಕನ್ನಡಕ ಹಾಕಿಕೊಂಡೇ ಮದುವೆಗೆ ಹೋಗಿದ್ದರಂತೆ. ಒಳ್ಳೆಯದು ಹಾಳಾಗ್ತದೆ ಅಂತ.